ಮೂವತ್ತಕ್ಕೆ ಮೂವತ್ತು ಗೆದ್ದ ಮೇಲೆ

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಶಿಕಾರಿಪುರದಲ್ಲಿ ಗೆದ್ದ ಬಿ.ವೈ. ವಿಜಯೇಂದ್ರ, ಅಲ್ಲಿ ಎರಡನೆಯವರಾಗಿ ಬಂದ ಪಕ್ಷೇತರ ನಾಗರಾಜಗೌಡ, ಸೊರಬದಲ್ಲಿ ಗೆದ್ದ ಮಧು ಬಂಗಾರಪ್ಪ, ಸೋತ ಅವರ ಅಣ್ಣ ಕುಮಾರ್ ಬಂಗಾರಪ್ಪ. ಈ ನಾಲ್ವರಿಗೆ ಬಿದ್ದ ಓಟುಗಳನ್ನು ಒಂದೇ ರಾಶಿಗೆ ಸುರಿದರೆ ಮೂರು ಲಕ್ಷ ದಾಟುತ್ತದೆ. ಕೆರಿಬಿಯನ್ ಸಮುದ್ರದ ಅಂಚಿನ ಬಾರ್ಬಡೋಸ್ ಎಂಬ ಸ್ವತಂತ್ರ ದೇಶದಲ್ಲಿ ಕೈಗೂಸಿನಿಂದ ಹಣ್ಣುಮುದುಕರವರೆಗೆ ಎಲ್ಲರನ್ನೂ ಎಣಿಸಿದರೂ ಸುಮಾರು 2.8 ಲಕ್ಷ ಜನ. ನೆಲ 430 ಚದರ ಕಿಲೋಮೀಟರ್, ಅಂದರೆ ಶಿಕಾರಿಪುರ ತಾಲ್ಲೂಕಿನ ಸುಮಾರು ಅರ್ಧ. ಶಿಕಾರಿಪುರದಲ್ಲಿ ಹತ್ತಿದ ಬಸ್ಸು ಶಿರಾಳಕೊಪ್ಪದ ಮೇಲೆ ಸೊರಬ ಮುಟ್ಟುವ ಹೊತ್ತಿಗೆ ಆ ದ್ವೀಪದ ಈ ತುದಿಯಿಂದ ಆ ತುದಿ ಮುಗಿದಿರುತ್ತದೆ.

ಬಾರ್ಬಡೋಸ್ ನಮಗೆ ಅಪರಿಚಿತವೇನಲ್ಲ. ಗ್ಯಾರಿ ಸೋಬರ್ಸ್, ಮಾಲ್ಕಮ್ ಮಾರ್ಷಲ್, ಜೋಯೆಲ್ ಗಾರ್ನರ್ ಹುಟ್ಟಿದ ನೆಲ. 2024ರ ಜೂನ್ 29ರಂದು ಭಾರತ ಟಿ-20 ವಿಶ್ವಕಪ್ ಎತ್ತಿದ್ದು, ನಮ್ಮ ರಾಹುಲ್ ದ್ರಾವಿಡ್ ಎಂದಿಲ್ಲದಂತೆ ಕೂಗಾಡಿದ್ದು ಅಲ್ಲಿನ ರಾಜಧಾನಿ ಬ್ರಿಜ್‌ಟೌನಿನ ಕೆನ್ಸಿಂಗ್ಟನ್ ಓವಲ್‌ನಲ್ಲಿ. ಕ್ರಿಕೆಟ್ಟಿನ ಹಾಗೆಯೇ ಇನ್ನೊಂದು ಆಟವನ್ನೂ ಬ್ರಿಟಿಷರು ಅಲ್ಲಿಗೂ ಇಲ್ಲಿಗೂ ಒಂದೇ ನಿಯಮದಲ್ಲಿ ಕೊಟ್ಟುಹೋದರು. ಅದು ಚುನಾವಣೆ. ನಿಯಮ ಒಂದೇ ಆದರೂ ಪಿಚ್ಚು ಬೇರೆಯಾದರೆ ಆಟ ಹೇಗೆ ಬೇರೆಯಾಗುತ್ತದೆ ಎಂಬುದು ಈ ವಾರದ ವಿಷಯ.

ಅಲ್ಲಿನ ವ್ಯವಸ್ಥೆಯ ಅಂಗರಚನೆ ನಮ್ಮ ವಿಧಾನಸೌಧವನ್ನು ಬಲ್ಲವರಿಗೆ ಕಷ್ಟವಿಲ್ಲ. 1639ರಿಂದ ಒಂದಲ್ಲ ಒಂದು ರೂಪದಲ್ಲಿ ನಡೆದುಬಂದ ಶಾಸನಸಭೆ ಅದು. ಆದರೆ ಅದರ ಮೊದಲ ಮುನ್ನೂರು ವರ್ಷ ಕಬ್ಬಿನ ತೋಟದ ಬಿಳಿಯ ಮಾಲೀಕರ ಸಭೆಯಾಗಿತ್ತು. ಎಲ್ಲ ವಯಸ್ಕರಿಗೂ ಓಟು ಸಿಕ್ಕಿದ್ದು 1951ರಲ್ಲಿ, ನಮ್ಮಲ್ಲಿ ಮೊದಲ ಮಹಾಚುನಾವಣೆ ಆರಂಭವಾದ ವರ್ಷವೇ. 1966ರ ನವೆಂಬರ್ 30ರಂದು ಸ್ವಾತಂತ್ರ್ಯ, ಸರಿಯಾಗಿ 55 ವರ್ಷಗಳ ಮೇಲೆ, 2021ರ ಅದೇ ದಿನ, ಇಂಗ್ಲೆಂಡಿನ ರಾಣಿಗೆ ನಮಸ್ಕಾರ ಹೇಳಿ ಗಣರಾಜ್ಯ. ಈಗ ರಾಷ್ಟ್ರಪತಿ ಇದ್ದಾರೆ, ನಮ್ಮಲ್ಲಿರುವಂತೆ ಅಲಂಕಾರದ ಸ್ಥಾನ. ಕೆಳಮನೆಗೆ 30 ಕ್ಷೇತ್ರ. ಮೇಲ್ಮನೆಯಲ್ಲಿ 21 ಮಂದಿ, ಒಬ್ಬರೂ ಓಟಿನಿಂದ ಬಂದವರಲ್ಲ. ಪ್ರಧಾನಿ 12 ಜನರನ್ನು, ವಿರೋಧ ಪಕ್ಷದ ನಾಯಕ ಇಬ್ಬರನ್ನು, ರಾಷ್ಟ್ರಪತಿ ಏಳು ಜನರನ್ನು ಸೂಚಿಸುತ್ತಾರೆ. ಪಕ್ಷಗಳು ಮುಖ್ಯವಾಗಿ ಎರಡು: ಬಾರ್ಬಡೋಸ್ ಲೇಬರ್ ಪಾರ್ಟಿ, ಡೆಮಾಕ್ರಟಿಕ್ ಲೇಬರ್ ಪಾರ್ಟಿ. ಜನರ ಬಾಯಲ್ಲಿ ಮೊದಲನೆಯದು ‘ಬೀಸ್’, ಎರಡನೆಯದು ‘ಡೀಮ್ಸ್’. ಕಾಮನ್‌ವೆಲ್ತ್ ದೇಶದ ಪ್ರಜೆಯೊಬ್ಬ ಅಲ್ಲಿ ಮೂರು ವರ್ಷ ನೆಲೆಸಿದರೆ ಮತದಾರರ ಪಟ್ಟಿಗೆ ಸೇರಬಹುದು. ಆನವಟ್ಟಿಯ ಹುಡುಗನೊಬ್ಬ ಅಲ್ಲಿ ಕೆಲಸ ಹಿಡಿದು ನೆಲೆಸಿದರೆ ಅವನೂ ಬೀಸ್-ಡೀಮ್ಸ್ ಎಂದು ತಲೆ ಕೆಡಿಸಿಕೊಳ್ಳಬಹುದು.

ಇಷ್ಟು ಸಾಕು. ಈಗ 2018ರ ಮೇ ತಿಂಗಳಿಗೆ ಬನ್ನಿ.

ಮೇ 15ರಂದು ಕರ್ನಾಟಕದ ಫಲಿತಾಂಶ ಬಂತು. ಬಿಜೆಪಿಗೆ 104 ಸ್ಥಾನ, ಶೇ. 36ರಷ್ಟು ಮತ. ಕಾಂಗ್ರೆಸ್ಸಿಗೆ ಶೇ. 38ರಷ್ಟು ಮತ, ಸ್ಥಾನ ಮಾತ್ರ 78. ಶಿಕಾರಿಪುರದಿಂದ 35 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದ ಯಡಿಯೂರಪ್ಪ 17ರಂದು ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು. 19ರಂದು ಬಹುಮತ ಸಾಬೀತು ಮಾಡಿ ಎಂದಿತು ಸುಪ್ರೀಂ ಕೋರ್ಟ್. ಅಂದು ಸದನದಲ್ಲಿ ಭಾಷಣ ಮಾಡಿ, ಮತಕ್ಕೆ ಹಾಕದೆ, ರಾಜೀನಾಮೆ ಕೊಡಲು ಹೊರನಡೆದರು. 23ರಂದು ಕುಮಾರಸ್ವಾಮಿ ಪ್ರಮಾಣವಚನ, 25ರಂದು ಅವರ ವಿಶ್ವಾಸಮತ. ನಾವೆಲ್ಲ ಟಿವಿಯ ಮುಂದೆ ಕೂತು ಶಾಸಕರ ತಲೆ ಎಣಿಸುತ್ತಿದ್ದ ಆ ವಾರದಲ್ಲೇ, ಮೇ 24ರಂದು, ಬಾರ್ಬಡೋಸಿನಲ್ಲಿ ಮತದಾನ ನಡೆಯಿತು. 25ರಂದು ಮಿಯಾ ಮೋಟ್ಲಿ ಆ ದೇಶದ ಮೊದಲ ಮಹಿಳಾ ಪ್ರಧಾನಿಯಾದರು. ಅವರಿಗೆ ಎಣಿಸುವ ಕಷ್ಟವೇ ಇರಲಿಲ್ಲ. 30ರಲ್ಲಿ 30 ಸ್ಥಾನವೂ ಅವರದೇ. ಹತ್ತು ವರ್ಷ ಆಡಳಿತ ಮಾಡಿದ್ದ ಡೀಮ್ಸ್ ಪಕ್ಷದ ಪ್ರಧಾನಿಯೂ ಸೇರಿ ಒಬ್ಬರೂ ಉಳಿಯಲಿಲ್ಲ.

ಒಂದೇ ವಾರ, ಒಂದೇ ನಿಯಮ. ಕ್ಷೇತ್ರದಲ್ಲಿ ಯಾರಿಗೆ ಒಂದು ಮತ ಹೆಚ್ಚೋ ಅವರು ಗೆದ್ದ ಹಾಗೆ, ಉಳಿದವರ ಓಟೆಲ್ಲ ಹೊಳೆಗೆ ಹಾಕಿದ ಹುಣಸೆ. ಇಲ್ಲಿ ಅದು ಯಾರಿಗೂ ಬಹುಮತ ಕೊಡಲಿಲ್ಲ, ಅಲ್ಲಿ ಒಬ್ಬರಿಗೇ ಎಲ್ಲವನ್ನೂ ಕೊಟ್ಟಿತು. 2022ರ ಜನವರಿಯಲ್ಲಿ, ಅವಧಿ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಬಾಕಿಯಿರುವಾಗಲೇ, ಮೋಟ್ಲಿ ಮತ್ತೆ ಚುನಾವಣೆ ಕರೆದರು. ಡೀಮ್ಸ್‌ಗೆ ನಾಲ್ಕರಲ್ಲಿ ಒಂದು ಪಾಲಿನಷ್ಟು ಮತ ಬಿತ್ತು. ಸ್ಥಾನ ಮತ್ತೆ ಸೊನ್ನೆ.

ನಾಲ್ಕರಲ್ಲೊಂದು ಪಾಲು ಮತಕ್ಕೆ ಸೊನ್ನೆ ಹೇಗೆ? ಇದು ಅರ್ಥವಾಗಬೇಕಾದರೆ ಬ್ರಿಜ್‌ಟೌನಿಗಿಂತ ಶಿಕಾರಿಪುರವೇ ಒಳ್ಳೆಯ ಪಾಠಶಾಲೆ. 2013ರಲ್ಲಿ ಯಡಿಯೂರಪ್ಪ ಬಿಜೆಪಿ ಬಿಟ್ಟು ಕೆಜೆಪಿ ಕಟ್ಟಿದ್ದರು. ರಾಜ್ಯದಲ್ಲಿ ಆ ಪಕ್ಷಕ್ಕೆ ಬಿದ್ದದ್ದು ಶೇ. 10ಕ್ಕೆ ಸ್ವಲ್ಪ ಕಡಿಮೆ. ಹತ್ತು ಮತದಾರರಲ್ಲಿ ಒಬ್ಬ ಅಂದುಕೊಳ್ಳಿ. 224 ಸ್ಥಾನಗಳಲ್ಲಿ ಲೆಕ್ಕಕ್ಕೆ ಇಪ್ಪತ್ತೆರಡು ಬರಬೇಕಿತ್ತು, ಬಂದದ್ದು ಆರು. ಮತ ಬೀದರಿನಿಂದ ದಾವಣಗೆರೆಯವರೆಗೆ ತೆಳ್ಳಗೆ ಹರಡಿಹೋಗಿತ್ತು. ಗೆಲುವು ಬಂದದ್ದು ಮತ ಗಟ್ಟಿಯಾಗಿ ನಿಂತ ಕೆಲವೇ ಕಡೆ, ಅದರಲ್ಲೊಂದು ಶಿಕಾರಿಪುರ. ಅಂದರೆ ಈ ಪದ್ಧತಿಯಲ್ಲಿ ಎಷ್ಟು ಜನ ನಿಮ್ಮ ಕಡೆ ಇದ್ದಾರೆ ಎಂಬುದಕ್ಕಿಂತ ಅವರು ಎಲ್ಲಿದ್ದಾರೆ ಎಂಬುದು ಮುಖ್ಯ. ಬಾರ್ಬಡೋಸಿನ ಡೀಮ್ಸ್ ಬೆಂಬಲಿಗರು ಮೂವತ್ತೂ ಕ್ಷೇತ್ರಗಳಲ್ಲಿ ಸಮನಾಗಿ ಹಂಚಿಹೋಗಿದ್ದಾರೆ. ದ್ವೀಪ ಚಿಕ್ಕದು, ಉತ್ತರದಲ್ಲಿ ಬೀಸಿದ ಗಾಳಿ ದಕ್ಷಿಣಕ್ಕೂ ಬೀಸುತ್ತದೆ. ಅವರಿಗೊಂದು ಶಿಕಾರಿಪುರ ಇಲ್ಲ.

ಶಿಕಾರಿಪುರ ಅಲೆಗೆ ಎದುರು ನಿಂತದ್ದು ಅದೇ ಮೊದಲಲ್ಲ. 1984ರ ಕೊನೆಯ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷ ರಾಜ್ಯದಲ್ಲಿ ನೆಲಕಚ್ಚಿದಾಗ ರಾಮಕೃಷ್ಣ ಹೆಗಡೆ, ಮೋಟ್ಲಿಯವರಂತೆಯೇ, ತಾವಾಗಿಯೇ ಜನರ ಮುಂದೆ ಹೊಸದಾಗಿ ಹೋದರು. 1985ರ ಮಾರ್ಚಿನಲ್ಲಿ 139 ಸ್ಥಾನ ಹೊತ್ತು ಬಂದರು. ಆ ಅಲೆಯಲ್ಲಿ ಬಿಜೆಪಿ ಇಡೀ ರಾಜ್ಯದಲ್ಲಿ ಉಳಿಸಿಕೊಂಡದ್ದು ಎರಡೇ ಸ್ಥಾನ. ಎರಡರಲ್ಲಿ ಒಂದು ಶಿಕಾರಿಪುರ. ಮಂಡ್ಯ ಜಿಲ್ಲೆಯ ಬೂಕನಕೆರೆಯಲ್ಲಿ ಹುಟ್ಟಿ, ಇಲ್ಲಿನ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿ, ಆ ಮನೆಗೇ ಅಳಿಯನಾಗಿ, ಪುರಸಭೆಯ ಅಧ್ಯಕ್ಷರಾಗಿ, ಬಗರ್‌ಹುಕುಂ ಸಾಗುವಳಿದಾರರ ಪರ ಓಡಾಡಿ 1983ರಲ್ಲಿ ಮೊದಲ ಸಲ ಶಾಸಕರಾದವರನ್ನು ಊರು ಪಕ್ಷ ನೋಡಿ ಆರಿಸಿರಲಿಲ್ಲ.

ಅದೇ ಸಭೆಯಲ್ಲಿ ಪಕ್ಕದ ಸೊರಬದ ಬಂಗಾರಪ್ಪ ವಿರೋಧ ಪಕ್ಷದ ನಾಯಕರಾಗಿ ಕೂತಿದ್ದರು. ಕುಬಟೂರಿನ ಈ ವಕೀಲರು 1967ರಿಂದ 1994ರವರೆಗೆ ಸೊರಬದಲ್ಲಿ ಏಳು ಸಲ ನಿಂತು ಏಳೂ ಸಲ ಗೆದ್ದರು. ಸಮಾಜವಾದಿಯಾಗಿ ಶುರು, ಆಮೇಲೆ ಕಾಂಗ್ರೆಸ್, ಆಮೇಲೆ ಜನತಾ, ಮತ್ತೆ ಕಾಂಗ್ರೆಸ್, ಕೊನೆಗೆ ಸ್ವಂತದ ಕರ್ನಾಟಕ ಕಾಂಗ್ರೆಸ್ ಪಕ್ಷ. ಬ್ಯಾಲೆಟ್ ಪೇಪರಿನ ಗುರುತು ಬದಲಾಗುತ್ತಾ ಹೋಯಿತು, ಠಸ್ಸೆ ಬೀಳುವ ಜಾಗದ ಹೆಸರು ಬದಲಾಗಲಿಲ್ಲ. ಇದಕ್ಕೆ ದೀವರ ಸಮುದಾಯದ ಬಲ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡುವವರಿದ್ದಾರೆ. ಅದು ಅರ್ಧ ಉತ್ತರ. ಗೇಣಿ ಕೊಟ್ಟು ಬೆನ್ನು ಬಾಗಿದ್ದ ಸೀಮೆಯಲ್ಲಿ ಕೆಳಗಿನವರೊಬ್ಬರು ತಲೆಯೆತ್ತಿ ಮಾತಾಡಿದ್ದು, ಮುಖ್ಯಮಂತ್ರಿಯಾದ ಎರಡು ವರ್ಷಗಳಲ್ಲಿ ಆಶ್ರಯ ಮನೆಯಿಂದ ಆರಾಧನಾ ಯೋಜನೆಯ ಗುಡಿಯವರೆಗೆ, ಪಂಪ್‌ಸೆಟ್ಟಿನ ಉಚಿತ ಕರೆಂಟಿನಿಂದ ಹಳ್ಳಿ ಮಕ್ಕಳ ಕೃಪಾಂಕದವರೆಗೆ ಕೈಗೆ ಸಿಗುವಂಥದ್ದನ್ನು ಕೊಟ್ಟದ್ದು ಇನ್ನರ್ಧ.

ಬಾರ್ಬಡೋಸಿಗೆ ಮರಳೋಣ. ಮೂವತ್ತಕ್ಕೆ ಮೂವತ್ತು ಗೆದ್ದ ಮೇಲೆ ಒಂದು ಫಜೀತಿ ಎದುರಾಯಿತು. ವಿರೋಧ ಪಕ್ಷದ ನಾಯಕನ ಹುದ್ದೆ ಅಲ್ಲಿ ಸಂವಿಧಾನದಲ್ಲೇ ಇದೆ. ಮೇಲ್ಮನೆಗೆ ಇಬ್ಬರನ್ನು ಸೂಚಿಸಬೇಕಾದವರು ಅವರು. ಎದುರು ಸಾಲಿನ ಬೆಂಚುಗಳೇ ಖಾಲಿ! ಕೆಲವೇ ದಿನಗಳಲ್ಲಿ ಗೆದ್ದ ಮೂವತ್ತರೊಳಗಿನ ಒಬ್ಬರು, ಬಿಷಪ್ ಜೋಸೆಫ್ ಆಥರ್ಲಿ, ಎದ್ದುಹೋಗಿ ಎದುರು ಕೂತರು. ವಿರೋಧ ಪಕ್ಷದ ನಾಯಕರೂ ಅವರೇ, ವಿರೋಧ ಪಕ್ಷವೂ ಅವರೇ. 2022ರ ನಂತರವೂ ಹಾಗೇ ಆಯಿತು. ಎರಡು ವರ್ಷ ಬೆಂಚು ಖಾಲಿಯಿದ್ದು, 2024ರ ಫೆಬ್ರವರಿಯಲ್ಲಿ ರಾಲ್ಫ್ ಥಾರ್ನ್ ಎಂಬ ಆಡಳಿತ ಪಕ್ಷದ ಸದಸ್ಯ ಡೀಮ್ಸ್ ಸೇರಿ ನಾಯಕರಾದರು. ಇಬ್ಬರೂ ಪಕ್ಷ ಬಿಟ್ಟರೂ ಅವರ ಸ್ಥಾನ ಹೋಗಲಿಲ್ಲ, ಮರುಚುನಾವಣೆಯೂ ನಡೆಯಲಿಲ್ಲ. ನಮ್ಮಲ್ಲಾಗಿದ್ದರೆ 1985ರ ಪಕ್ಷಾಂತರ ನಿಷೇಧ ಕಾಯ್ದೆಯಡಿ ಸ್ಪೀಕರ್ ಕಚೇರಿಗೆ ಅದೇ ಸಂಜೆ ದೂರು ಹೋಗುತ್ತಿತ್ತು.

ಕೆರಿಬಿಯನ್ನಿನ ಇತಿಹಾಸ ಕೆದಕಿದರೆ ಎದುರಾಳಿ ಹುಟ್ಟುವುದು ಹೆಚ್ಚಾಗಿ ಮನೆಯೊಳಗೇ. ಡೀಮ್ಸ್ ಪಕ್ಷವನ್ನು 1955ರಲ್ಲಿ ಕಟ್ಟಿ, ಮುಂದೆ ಸ್ವತಂತ್ರ ಬಾರ್ಬಡೋಸಿನ ಮೊದಲ ಪ್ರಧಾನಿಯಾದ ಎರಲ್ ಬ್ಯಾರೊ ಮೊದಲು ಗೆದ್ದದ್ದು ಬೀಸ್ ಪಕ್ಷದಿಂದಲೇ. ಜಮೈಕಾದಲ್ಲಿ ಇದು ಇನ್ನೂ ರಂಗಾಗಿದೆ. 1938ರಲ್ಲಿ ನಾರ್ಮನ್ ಮ್ಯಾನ್ಲಿ ಪಿಎನ್‌ಪಿ ಎಂಬ ಪಕ್ಷ ಕಟ್ಟಿದರು. ಯುದ್ಧಕಾಲದಲ್ಲಿ ಸೆರೆಯಲ್ಲಿದ್ದು ಹೊರಬಂದ ಅವರ ಬಂಧು ಅಲೆಕ್ಸಾಂಡರ್ ಬುಸ್ತಮಾಂಟೆ 1943ರಲ್ಲಿ ಜೆಎಲ್‌ಪಿ ಕಟ್ಟಿ ಎದುರು ನಿಂತರು. ಅಂದಿನಿಂದ ಇಂದಿನವರೆಗೆ ಆ ದೇಶವನ್ನು ಆಳಿದ್ದು ಈ ಎರಡೇ ಪಕ್ಷ. ಒಂದೇ ಬಂಧುಬಳಗದ ಇಬ್ಬರು ಒಂದು ದೇಶದ ರಾಜಕೀಯವನ್ನೇ ಹಿಸ್ಸೆ ಮಾಡಿಕೊಂಡ ಹಾಗೆ.

ಹಿಸ್ಸೆ ಎಂದ ಕೂಡಲೇ ಸೊರಬದವರಿಗೆ ನಗು ಬಂದಿರಬಹುದು. ಬಂಗಾರಪ್ಪ 1996ರಲ್ಲಿ ಲೋಕಸಭೆಗೆ ಹೋದಾಗ ತೆರವಾದ ಸ್ಥಾನಕ್ಕೆ ಸಿನಿಮಾ ನಟ, ಹಿರಿಯ ಮಗ ಕುಮಾರ್ ಬಂದರು, 1999ರಲ್ಲೂ ಗೆದ್ದರು. 2004ರಲ್ಲಿ ತಂದೆ ಬಿಜೆಪಿಗೆ ಹೋದರು, ಹಿರಿಯ ಮಗ ಕಾಂಗ್ರೆಸ್ಸಿನಲ್ಲೇ ಉಳಿದರು, ಕಿರಿಯ ಮಗ ಮಧು ತಂದೆಯ ಪಕ್ಷದಿಂದ ಅಣ್ಣನ ಎದುರು ನಿಂತರು. ಗೆದ್ದದ್ದು ಅಣ್ಣ. 2008ರಲ್ಲಿ ಇಬ್ಬರೂ ಜಗಳಾಡಿ ಇಬ್ಬರೂ ಸೋತರು, ಹರತಾಳು ಹಾಲಪ್ಪ ಬಿಜೆಪಿಯಿಂದ ಗೆದ್ದರು. 2013ರಲ್ಲಿ ಜೆಡಿಎಸ್‌ನಿಂದ ತಮ್ಮ. 2018ರಲ್ಲಿ ಬಿಜೆಪಿಯಿಂದ ಅಣ್ಣ, 13,286 ಮತಗಳ ಅಂತರ. 2023ರಲ್ಲಿ ಕಾಂಗ್ರೆಸ್ಸಿನಿಂದ ತಮ್ಮ, ಅಂತರ 44 ಸಾವಿರ ದಾಟಿತು, ಶಾಲಾ ಶಿಕ್ಷಣ ಸಚಿವರೂ ಆದರು. ಗಮನಿಸಿ: 2004ರಲ್ಲಿ ಅಣ್ಣ ಕಾಂಗ್ರೆಸ್, ತಮ್ಮ ಬಿಜೆಪಿ. 2023ರಲ್ಲಿ ಅಣ್ಣ ಬಿಜೆಪಿ, ತಮ್ಮ ಕಾಂಗ್ರೆಸ್. ಅಂಗಿ ಅದಲುಬದಲಾಗಿದೆ, ಅಂಗಳ ಅದೇ. 1967ರಿಂದ ಲೆಕ್ಕ ಹಾಕಿದರೆ ಹಾಲಪ್ಪನವರ ಆ ಐದು ವರ್ಷ ಬಿಟ್ಟು ಸೊರಬ ಒಂದೇ ಮನೆಯಲ್ಲಿದೆ. ಸೊರಬದ ಮತದಾರ ಸರ್ಕಾರವನ್ನು ಶಿಕ್ಷಿಸಬೇಕೆಂದರೂ ಆ ಮನೆಯ ಒಂದು ಬಾಗಿಲಿನಿಂದ ಹೊರಬಂದು ಇನ್ನೊಂದು ಬಾಗಿಲಿನಲ್ಲಿ ಒಳಹೋಗುತ್ತಾನೆ. ಇದನ್ನು ವಂಶಾಡಳಿತ ಎಂದು ಬೈಯುವುದು ಸುಲಭ. ಆದರೆ ಆಯ್ಕೆ ಇರಲಿಲ್ಲವೆನ್ನಲು ಬರುವುದಿಲ್ಲ, ಮಂತ್ರಿಯಾದವರೂ ಪ್ರತಿಸಲ ಎದೆ ಹಿಡಿದುಕೊಂಡೇ ಎಣಿಕೆಗೆ ಹೋಗಬೇಕಾಯಿತು.

ಶಿಕಾರಿಪುರದ ಕಥೆಗೂ ಒಂದು ಐದು ವರ್ಷದ ತೂತಿದೆ. 1999ರಲ್ಲಿ ಕಾಂಗ್ರೆಸ್ಸಿನ ಬಿ.ಎನ್. ಮಹಾಲಿಂಗಪ್ಪ ಅವರ ಎದುರು ಯಡಿಯೂರಪ್ಪ ಸೋತು ವಿಧಾನ ಪರಿಷತ್ತಿಗೆ ಹೋದರು. 2004ರಲ್ಲಿ ಮರಳಿ ಗೆದ್ದರು. 2008ರಲ್ಲಂತೂ ಎರಡು ತಾಲ್ಲೂಕಿನ ಗಡಿಯೇ ಅಳಿಸಿಹೋಯಿತು. ಸೊರಬದ ಬಂಗಾರಪ್ಪ ಸಮಾಜವಾದಿ ಪಕ್ಷದಿಂದ ಶಿಕಾರಿಪುರಕ್ಕೇ ಬಂದು ನಿಂತರು, ಕಾಂಗ್ರೆಸ್ಸೂ ಜೆಡಿಎಸ್ಸೂ ಅವರ ಬೆನ್ನಿಗೆ ನಿಂತವು. ರಾಜ್ಯದ ಪತ್ರಕರ್ತರೆಲ್ಲ ಹುಚ್ಚರಾಯಸ್ವಾಮಿ ಗುಡಿಯ ಸುತ್ತಮುತ್ತ ಬಿಡಾರ ಹೂಡಿದ ಹಾಗಿತ್ತು. ಸೊರಬದಲ್ಲಿ ಎಂದೂ ಸೋಲದವರು ಇಲ್ಲಿ 45 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಮತದ ಗಟ್ಟಿತನ ಕೆಸುವಿನ ಗಡ್ಡೆಯ ಹಾಗೆ, ಇದ್ದಲ್ಲೇ ಇರುತ್ತದೆ, ಪಕ್ಕದ ಗದ್ದೆಗೆ ಹೊತ್ತುಕೊಂಡು ಹೋಗಲಾಗುವುದಿಲ್ಲ.

2023ರಲ್ಲಿ ಯಡಿಯೂರಪ್ಪ ಮಗ ವಿಜಯೇಂದ್ರರಿಗೆ ಜಾಗ ಬಿಟ್ಟರು. ಅಂತರ 11,008ಕ್ಕೆ ಇಳಿಯಿತು. ಆ ಹೆದರಿಕೆ ಹುಟ್ಟಿಸಿದ್ದು ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿಯಲ್ಲ, ಟಿಕೆಟ್ ಸಿಗದೆ ಬಂಡೆದ್ದ ಪಕ್ಷೇತರ. ಅಧಿಕೃತ ಅಭ್ಯರ್ಥಿ ಮೂರನೆಯವರಾದರು. ಇಲ್ಲೂ ಎದುರಾಳಿ ಬಂದದ್ದು ಯಾವುದೋ ಪಕ್ಷದ ಒಡಕಿನಿಂದ. 2024ರಲ್ಲಿ ಶಿವಮೊಗ್ಗ ಲೋಕಸಭೆಗೆ ಯಡಿಯೂರಪ್ಪನವರ ಇನ್ನೊಬ್ಬ ಮಗ ರಾಘವೇಂದ್ರರ ಎದುರು ಬಿಜೆಪಿಯ ಹಳೆಯ ತಲೆ ಈಶ್ವರಪ್ಪನವರೇ ಪಕ್ಷೇತರರಾಗಿ ನಿಂತದ್ದೂ ಇದೇ ಜಾತಿಯದು. ಆ ಲೋಕಸಭಾ ಕ್ಷೇತ್ರವಂತೂ ಎರಡು ಮನೆಗಳ ಕುಸ್ತಿ ಅಖಾಡ. 2009ರಲ್ಲಿ ಬಂಗಾರಪ್ಪನವರನ್ನು ರಾಘವೇಂದ್ರ ಸೋಲಿಸಿದರು. 2014ರಲ್ಲಿ ಯಡಿಯೂರಪ್ಪ, ಎದುರು ಬಂಗಾರಪ್ಪನವರ ಮಗಳು ಗೀತಾ ಶಿವರಾಜ್‌ಕುಮಾರ್. 2018ರ ಉಪಚುನಾವಣೆ ಮತ್ತು 2019ರಲ್ಲಿ ರಾಘವೇಂದ್ರ-ಮಧು. 2024ರಲ್ಲಿ ಮತ್ತೆ ಗೀತಾ. ಐದೂ ಸಲ ಶಿಕಾರಿಪುರದ ಮನೆಯೇ ಗೆದ್ದಿತು.

ಪಕ್ಷಾಂತರದ ವಿಷಯಕ್ಕೆ ಒಂದು ಮಾತು ಬಾಕಿಯಿದೆ. ಆಥರ್ಲಿ ಎದ್ದುಹೋಗಿ ಕೂತದ್ದು ಅಧಿಕಾರ ಇಲ್ಲದ ಕಡೆಗೆ. ನಮ್ಮಲ್ಲಿ ಕಾಲುಗಳು ಹೆಚ್ಚಾಗಿ ಎತ್ತ ನಡೆಯುತ್ತವೆ ಎಂಬುದನ್ನು 2019ರ ಜುಲೈನಲ್ಲಿ ನೋಡಿದ್ದೇವೆ. ಹದಿನೇಳು ಶಾಸಕರು ಅನರ್ಹರಾದರು, ಸಮ್ಮಿಶ್ರ ಸರ್ಕಾರ ಬಿತ್ತು, ಯಡಿಯೂರಪ್ಪ ನಾಲ್ಕನೆಯ ಸಲ ಮುಖ್ಯಮಂತ್ರಿಯಾದರು. ಡಿಸೆಂಬರಿನಲ್ಲಿ ನಡೆದ 15 ಉಪಚುನಾವಣೆಗಳಲ್ಲಿ 12ರಲ್ಲಿ ಬಿಜೆಪಿ ಗೆದ್ದು ಜನರೂ ಮುದ್ರೆ ಒತ್ತಿದರು. ಕಾಯ್ದೆ ಇರುವ ನಾವು ಸಾಲುಗಟ್ಟಿ ದಾಟುತ್ತೇವೆ, ಕಾಯ್ದೆಯ ತಡೆಯಿಲ್ಲದ ಅವರಲ್ಲಿ ಇಬ್ಬರು ದಾಟಿ ಸದನಕ್ಕೆ ಎದುರು ದನಿ ಕೊಟ್ಟರು. ಹಾಗೆಂದು ಕಾಯ್ದೆ ಬೇಡವೆಂದು ನಾನು ಹೇಳುತ್ತಿಲ್ಲ. ಬಂಗಾರಪ್ಪನವರ ಪಕ್ಷಗಳ ಪಟ್ಟಿ ಹೇಳಿ ನಗುವವರಿಗೆ ಒಂದನ್ನು ನೆನಪಿಸಬೇಕು: 2004ರಲ್ಲಿ ಬಿಜೆಪಿಯಿಂದ ಸಂಸದರಾದವರು ಪಕ್ಷ ಬಿಟ್ಟಾಗ ಸ್ಥಾನವನ್ನೂ ಬಿಟ್ಟರು, 2005ರಲ್ಲಿ ಸೈಕಲ್ ಗುರುತು ಹಿಡಿದು ಮತ್ತೆ ಅದೇ ಶಿವಮೊಗ್ಗದ ಜನರ ಮುಂದೆ ನಿಂತರು, ಗೆದ್ದರು.

ಕೊನೆಗೆ ಅಳತೆಯ ವಿಷಯ. ಬಾರ್ಬಡೋಸಿನಲ್ಲಿ ಒಬ್ಬ ಸಂಸದನ ಪಾಲಿಗೆ ಬರುವುದು ಒಂಬತ್ತು ಸಾವಿರ ಚಿಲ್ಲರೆ ಜನ. ಅದೇ ಅಳತೆಗೋಲು ಹಿಡಿದರೆ ಶಿಕಾರಿಪುರ ತಾಲ್ಲೂಕಿಗೆ ಇಪ್ಪತ್ತಕ್ಕಿಂತ ಹೆಚ್ಚು ಶಾಸಕರು ಬೇಕು, ಶಿರಾಳಕೊಪ್ಪಕ್ಕೇ ಒಬ್ಬರೋ ಇಬ್ಬರೋ, ಬಳ್ಳಿಗಾವಿ-ತಾಳಗುಂದದ ಕಡೆಗೆ ಇನ್ನೊಬ್ಬರು. ಅಲ್ಲಿ ಸಂಸದನೆಂದರೆ ರಸ್ತೆಯ ಗುಂಡಿಗೂ ನೀರಿನ ಪೈಪಿಗೂ ಹೆಸರು ಹಿಡಿದು ಕರೆಯಬಹುದಾದ ಮನುಷ್ಯ. ನಮ್ಮಲ್ಲಿ ಆ ಅಳತೆಯ ಪ್ರತಿನಿಧಿ ಇಲ್ಲವೇ? ಇದ್ದಾನೆ, ತಾಲ್ಲೂಕು ಪಂಚಾಯಿತಿ ಸದಸ್ಯ. ಅವನ ಕ್ಷೇತ್ರವೂ ಸುಮಾರಾಗಿ ಅಷ್ಟೇ, ಹತ್ತು ಹದಿನೈದು ಸಾವಿರ ಜನರ ಸುತ್ತಮುತ್ತ. ಆ ಚುನಾವಣೆ 2016ರಲ್ಲಿ ನಡೆದಿತ್ತು. 2021ರಲ್ಲಿ ಅವಧಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಟ್ಟಲೆ ಮುಂದೂಡಿ ಆ ಕುರ್ಚಿಗಳನ್ನು ಖಾಲಿ ಇಡಲಾಯಿತು. ಆಡಳಿತಾಧಿಕಾರಿಗಳು ಸಹಿ ಹಾಕಿದರು.

ಬಾರ್ಬಡೋಸಿನ ಸದನದಲ್ಲಿ ಖಾಲಿ ಬಿದ್ದದ್ದು ವಿರೋಧ ಪಕ್ಷದ ಬೆಂಚು ಮಾತ್ರ. ಶಿಕಾರಿಪುರದಲ್ಲಿ, ಸೊರಬದಲ್ಲಿ ತಾಲ್ಲೂಕು ಪಂಚಾಯಿತಿಯ ಸಭಾಂಗಣಕ್ಕೆ ಆ ವರ್ಷಗಳಲ್ಲಿ ಹೋಗಿದ್ದರೆ ಎರಡೂ ಕಡೆಯ ಕುರ್ಚಿಗಳು ಖಾಲಿ ಕಾಣುತ್ತಿದ್ದವು.